ಪದವಿಯ ಮುಂದಣ ವ್ಯಾಸಂಗದಲ್ಲಿ ದಾರಿ ಬದಲಿಸುವ ವಿಚಾರ

ಪ್ರತಿವರುಷವೂ ಮೇ ತಿಂಗಳಿನಿಂದ ಸೆಪ್ಟೆಂಬರಿನ ವರೆಗೆ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಿಂದ ಒಂದೇ ತರದ ಪ್ರಶ್ನೆಯು ನನ್ನ ಬಳಿಗೆ ಬರುತ್ತಿರುವದು. ಇಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿ, ಪಿ.ಯು.ಸಿ.ಯನ್ನೂ ಪದವಿಯನ್ನೂ ಬೇರೆ ಕಡೆಗಳಲ್ಲಿ ಪೂರೈಸಿದ ಹುಡುಗಿಯು, ಎಂ.ಎ. ಅಥವಾ ಎಂ.ಎಸ್‌ಸಿ. ತರಗತಿಯಲ್ಲಿ ಸೀಟು ದೊರೆತು ಫೀಸನ್ನೂ ಕಟ್ಟಿದ ಮೇಲೆ, “ಟೀಚರೇ, ನನ್ನ ಮನಸ್ಸು ಬೇರೊಂದು ವಿಷಯದ ಕಡೆಗೆ ಎಳೆಯುತ್ತಿದೆ, ಈಗ ಬಿಟ್ಟರೆ ತಪ್ಪಾಗುವದೇ?” ಎಂದು ಕೇಳುತ್ತಾಳೆ. ಅವಳು ಬಂದುಹೋದ ಎರಡು ದಿನಗಳೊಳಗೆ ಅವಳ ತಾಯಿ ಬಂದು, “ಇವಳಿಗೆ ಸ್ವಲ್ಪ ಬುದ್ಧಿ ಹೇಳಿ” ಎನ್ನುವದುಂಟು. ಇಬ್ಬರಿಗೂ ಬೇರೆ ಬೇರೆಯಾಗಿ ಹೇಳುತ್ತ ಬಂದ ಸಂಗತಿಗಳನ್ನು ಈ ಸ್ಮರಣ ಸಂಚಿಕೆಯಲ್ಲಿ ಒಂದೆಡೆ ಬರೆದಿಟ್ಟರೆ ಹೆತ್ತವರೂ ಮಕ್ಕಳೂ ಒಟ್ಟಿಗೆ ಕೂತು ಓದಬಹುದೆಂಬ ಎಣಿಕೆಯಿಂದ ಈ ಲೇಖನವನ್ನು ಬರೆದಿದ್ದೇನೆ.

ಮೊದಲು, ಪದವಿಯ ಮುಂದಣ ವ್ಯಾಸಂಗವೆಂದರೇನೆಂಬದನ್ನು ತಿಳಿಯುವದು ಅವಶ್ಯ. ಹೈಸ್ಕೂಲಿನಲ್ಲಿ ಎಲ್ಲರೂ ಎಲ್ಲವನ್ನೂ ಓದುತ್ತಾರೆ. ಪದವಿಯಲ್ಲಿ ಎರಡು ಮೂರು ವಿಷಯಗಳು ಉಳಿಯುತ್ತವೆ. ಅನಂತರದ ತರಗತಿಯಲ್ಲಿ ಒಂದೇ ವಿಷಯ, ಅದರಲ್ಲಿಯೂ ಒಂದು ಮೂಲೆ, ವಿದ್ಯಾರ್ಥಿನಿಯ ಪಾಲಿಗೆ ಬರುವದು. ಆದುದರಿಂದ ಇಲ್ಲಿ ಮಾಡುವ ಆಯ್ಕೆಯು ಹಿಂದಿನ ಆಯ್ಕೆಗಳಂತಲ್ಲ. ಹದಿನಾರನೆಯ ವಯಸ್ಸಿನಲ್ಲಿ ವಿಜ್ಞಾನವೋ ವಾಣಿಜ್ಯವೋ ಎಂದು ಆರಿಸಿದಾಗ ನೆರೆಮನೆಯ ಹುಡುಗಿ ಏನು ತೆಗೆದುಕೊಂಡಳೆಂಬದೇ ಅನೇಕರಿಗೆ ಸಾಕಾದ ಕಾರಣವಾಗಿತ್ತು. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಆ ಕಾರಣವು ಸಾಲದೆ ಹೋಗುವದರಲ್ಲಿ ಆಶ್ಚರ್ಯವಿಲ್ಲ. ನಮ್ಮ ನಾಡಿನಲ್ಲಿ ಈಚೆಗೆ ಇನ್ನೊಂದು ತೊಡಕೂ ಸೇರಿಕೊಂಡಿದೆ. ಕರ್ನಾಟಕದಲ್ಲಿ ೨೦೨೧ರಿಂದ ನಾಲ್ಕು ವರುಷಗಳ ಪದವಿಯ ಕ್ರಮವು ಬಂದು, ೨೦೨೪–೨೫ನೆಯ ಸಾಲಿನಿಂದ ಮರಳಿ ಮೂರು ವರುಷಗಳ ಕ್ರಮವಾಯಿತು. ಹೀಗಾಗಿ ಒಂದೇ ಮನೆಯ ಅಕ್ಕತಂಗಿಯರ ಕೈಯಲ್ಲಿ ಬೇರೆ ಬೇರೆ ತರದ ಪದವಿಪತ್ರಗಳು ಇರುವದುಂಟು. ಮೂರು ವರುಷ ಓದಿದವರಿಗೆ ಸ್ನಾತಕೋತ್ತರ ವ್ಯಾಸಂಗವು ಎರಡು ವರುಷಗಳದೆಂದೂ, ನಾಲ್ಕು ವರುಷ ಓದಿದವರಿಗೆ ಒಂದು ವರುಷದ್ದಾಗಬಹುದೆಂದೂ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ೨೦೨೪ರಲ್ಲಿ ಗೊತ್ತುಪಡಿಸಿತು. ಅಕ್ಕನ ಕಾಲದ ನಿಯಮವನ್ನು ತಂಗಿಗೆ ಹೇಳಬಾರದೆಂಬದಕ್ಕೆ ಇದೊಂದೇ ಸಾಕು.

ದಾರಿ ಬದಲಿಸುವದನ್ನು ನಮ್ಮ ಜನರು ಒಂದೇ ತಕ್ಕಡಿಯಲ್ಲಿ ತೂಗುವದಿಲ್ಲ. ಮಗನು ಎಂಜಿನಿಯರಿಂಗ್ ಮುಗಿಸಿ ಎಂ.ಬಿ.ಎ.ಗೆ ಹೋದರೆ ಅವನು ಮುಂದಾಲೋಚನೆಯುಳ್ಳವನು. ಮಗಳು ರಸಾಯನಶಾಸ್ತ್ರವನ್ನು ಬಿಟ್ಟು ಸಮಾಜಕಾರ್ಯದ ಕಡೆಗೆ ತಿರುಗಿದರೆ ಅವಳು ಚಂಚಲ ಸ್ವಭಾವದವಳು. ಈ ಭೇದವು ನನಗೆ ಸರಿಯಾಗಿ ಕಾಣುವದಿಲ್ಲ. ಇಪ್ಪತ್ತು ವರುಷಗಳಿಗೆ ಮಿಕ್ಕಿ ಹುಡುಗಿಯರಿಗೆ ಪಾಠ ಹೇಳಿದವಳಾಗಿ ಹೇಳುತ್ತೇನೆ: ಚಾಂಚಲ್ಯವೆಂಬದು ಬೇರೆ, ತಿಳಿವಳಿಕೆ ಬೆಳೆದುದರಿಂದ ಹುಟ್ಟುವ ನಿಶ್ಚಯವು ಬೇರೆ. ಮೊದಲನೆಯದು ಕಷ್ಟವನ್ನು ಕಂಡು ಓಡುವದು, ಎರಡನೆಯದು ಕಷ್ಟವನ್ನು ಎಣಿಕೆಮಾಡಿ ಅದರ ಕಡೆಗೆ ಹೋಗುವದು. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ತರ ಕಾಣುವದರಿಂದಲೇ ಮನೆಗಳಲ್ಲಿ ಜಗಳವಾಗುವದು.

ನಮ್ಮ ನಾಡಿನ ಒಂದು ನಿದರ್ಶನವನ್ನು ಸ್ವಲ್ಪ ವಿಸ್ತಾರವಾಗಿ ಹೇಳುವೆನು. ೧೯೨೨ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ರಾಜೇಶ್ವರಿಯವರು ಮುಂದೆ ರಾಜೇಶ್ವರಿ ಚಟರ್ಜಿಯವರೆಂದು ಹೆಸರಾದರು. ಅವರ ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದಲ್ಲಿ ಪದವಿ ಪಡೆದ ಮೊದಮೊದಲಿನ ಸ್ತ್ರೀಯರಲ್ಲಿ ಒಬ್ಬರು, ಬಾಲಿಕೆಯರ ವಿದ್ಯಾಭ್ಯಾಸಕ್ಕಾಗಿ ದುಡಿದವರು. ಮೊಮ್ಮಗಳು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತಶಾಸ್ತ್ರವನ್ನು ಓದಿ ಬಿ.ಎಸ್‌ಸಿ. ಆನರ್ಸ್ ಮತ್ತು ಎಂ.ಎಸ್‌ಸಿ. ಪರೀಕ್ಷೆಗಳಲ್ಲಿ ಮೈಸೂರು ವಿಶ್ವವಿದ್ಯಾಲಯಕ್ಕೇ ಮೊದಲಿಗರಾಗಿ ತೇರ್ಗಡೆ ಹೊಂದಿದರು. ಅಂಥವರು ಗಣಿತದಲ್ಲಿಯೇ ಮುಂದುವರಿಯುವರೆಂದು ಯಾರಾದರೂ ಎಣಿಸಬಹುದಾಗಿತ್ತು. ಅವರು ಸರ್ ಸಿ. ವಿ. ರಾಮನ್‌ರವರ ಬಳಿಯಲ್ಲಿ ಸಂಶೋಧನೆ ಮಾಡಬೇಕೆಂದು ಬಯಸಿದರು. ಭೌತಶಾಸ್ತ್ರದ ಪದವಿಯಿಲ್ಲವೆಂಬ ಕಾರಣದಿಂದ ಅದು ಕೈಗೂಡಲಿಲ್ಲ. ಆಗ ಅವರು ಗಣಿತಕ್ಕೆ ಹಿಂದಿರುಗದೆ, ೧೯೪೩ರಲ್ಲಿ ನಮ್ಮ ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯುತ್ ತಂತ್ರವಿದ್ಯೆಯ ವಿಭಾಗಕ್ಕೆ ಸಂಶೋಧನ ವಿದ್ಯಾರ್ಥಿನಿಯಾಗಿ ಸೇರಿದರು.

ಇದನ್ನು ಓದಿದವರು, ಒಂದು ಬಾಗಿಲು ಮುಚ್ಚಿದ್ದರಿಂದ ಸಿಕ್ಕಿದ ಬಾಗಿಲನ್ನು ಹೊಕ್ಕರೆಂದು ತಿಳಿಯಬಹುದು. ಆದರೆ ಆ ವಿಷಯದ ಒಳಗನ್ನು ನೋಡಿದರೆ ಸಂಗತಿ ಹಾಗಿಲ್ಲ. ರೇಡಿಯೋ ಮತ್ತು ರಾಡಾರ್‌ಗಳಲ್ಲಿ ಕೆಲಸಮಾಡುವದು ವಿದ್ಯುತ್ಕಾಂತೀಯ ಅಲೆ. ಆ ಅಲೆಯು ತಂತಿಯಲ್ಲಿಯೂ ಟೊಳ್ಳಾದ ಲೋಹದ ಕೊಳವೆಯಲ್ಲಿಯೂ ಬಯಲಿನಲ್ಲಿಯೂ ಹೇಗೆ ಸಾಗುವದೆಂಬದನ್ನು ತಿಳಿಯಬೇಕಾದರೆ ಮ್ಯಾಕ್ಸ್‌ವೆಲ್ ಎಂಬ ಶಾಸ್ತ್ರಜ್ಞನ ಸಮೀಕರಣಗಳನ್ನು ಬಿಡಿಸಬೇಕು, ಅದು ಗಣಿತದ ಕೆಲಸವೇ. ಆದುದರಿಂದ ಆ ಯುವತಿಯು ಮೊದಲು ಕಲಿತುದನ್ನು ಬಿಸಾಡಲಿಲ್ಲ. ಅದನ್ನು ಮತ್ತೊಂದು ಹೊಲಕ್ಕೆ ಉಳಲು ಕೊಂಡೊಯ್ದರು. ವಿಷಯ ಬದಲಿಸಲು ಯೋಚಿಸುವ ನಮ್ಮ ಹುಡುಗಿಯರು ತಮ್ಮನ್ನು ತಾವು ಕೇಳಿಕೊಳ್ಳತಕ್ಕ ಮೊದಲನೆಯ ಪ್ರಶ್ನೆ ಇದೇ: ನಾನು ಕಲಿತದ್ದರಲ್ಲಿ ಯಾವ ಭಾಗವು ನನ್ನ ಸಂಗಡ ಬರುವದು?

ಯುದ್ಧ ಮುಗಿದ ಮೇಲೆ ಸರಕಾರದ ವಿದ್ಯಾರ್ಥಿವೇತನವು ದೊರೆತು ಅವರು ೧೯೪೭ರಲ್ಲಿ ಹಡಗು ಹತ್ತಿ ಅಮೇರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. ಮದುವೆಯಾಗದ ಹೆಣ್ಣುಮಗಳನ್ನು ಒಬ್ಬಳನ್ನೇ ಸಮುದ್ರದಾಚೆಗೆ ಕಳುಹಿಸುವದು ಆ ದಿನಗಳಲ್ಲಿ ಸಣ್ಣ ಮಾತಾಗಿರಲಿಲ್ಲ. ಎಂ.ಎಸ್. ಪದವಿಯಾದ ಅನಂತರ ವಾಷಿಂಗ್ಟನ್ನಿನ ಮಾನಕಗಳ ಸಂಸ್ಥೆಯಲ್ಲಿ ರೇಡಿಯೋ ಅಲೆಗಳನ್ನು ಅಳೆಯುವ ತರಬೇತಿ ಪಡೆದು, ೧೯೪೯ರಲ್ಲಿ ಬಾರ್ಬರ್ ವಿದ್ಯಾರ್ಥಿವೇತನದಿಂದ ಮಿಷಿಗನ್ನಿಗೆ ಮರಳಿ, ೧೯೫೩ರಲ್ಲಿ ಪಿಎಚ್.ಡಿ. ಮುಗಿಸಿದರು. ಆಮೇಲೆ ಬೆಂಗಳೂರಿಗೆ ಬಂದು ಅದೇ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕರಾಗಿ ನೇಮಕವಾಗಿ, ಸೂಕ್ಷ್ಮ ತರಂಗಗಳ ಸಂಶೋಧನೆಯನ್ನು ಬೆಳೆಸಿ, ಇಪ್ಪತ್ತು ಮಂದಿ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಮಾರ್ಗದರ್ಶನವಿತ್ತು, ೧೯೮೨ರಲ್ಲಿ ನಿವೃತ್ತರಾದರು. ೨೦೧೦ರಲ್ಲಿ ಕಾಲವಾದರು. ಮೇಲೆ ಹೇಳಿದ ಬಾರ್ಬರ್ ವಿದ್ಯಾರ್ಥಿವೇತನದ ಸಂಗತಿಯೂ ನಮ್ಮಂಥ ಶಾಲೆಗಳವರಿಗೆ ತಿಳಿದಿರಬೇಕಾದದ್ದು. ಏಷ್ಯದ ಸ್ತ್ರೀಯರಿಗಾಗಿಯೇ ೧೯೧೭ರಲ್ಲಿ ಮಿಷಿಗನ್ನಿನಲ್ಲಿ ಸ್ಥಾಪಿಸಲ್ಪಟ್ಟ ಅದರ ಸಹಾಯದಿಂದಲೇ, ಮದ್ರಾಸಿನ ವುಮೆನ್ಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ತಲಚೇರಿಯ ಜಾನಕಿ ಅಮ್ಮಾಳರು ಅಲ್ಲಿಗೆ ಹೋಗಿ ಸಸ್ಯಶಾಸ್ತ್ರದಲ್ಲಿ ಮೊದಲು ಎಂ.ಎಸ್., ೧೯೩೧ರಲ್ಲಿ ಡಿ.ಎಸ್‌ಸಿ. ಪದವಿಗಳನ್ನು ಪಡೆದರು. ಅವರು ಮೊದಲು ಎಂ.ಎಸ್. ಮುಗಿಸಿ ತಮ್ಮ ಕೆಲಸಕ್ಕೆ ಹಿಂದಿರುಗಿ, ಮತ್ತೆ ಹೋದವರು. ವ್ಯಾಸಂಗವನ್ನು ಒಂದೇ ಉಸಿರಿನಲ್ಲಿ ಮುಗಿಸತಕ್ಕದ್ದೆಂಬ ನಿಯಮವನ್ನು ಯಾರೂ ಮಾಡಿಲ್ಲ.

ಕಮಲಾ ಸೊಹೋನಿಯವರ ಹೆಸರನ್ನು ನಮ್ಮ ವಿಜ್ಞಾನದ ತರಗತಿಗಳಲ್ಲಿ ಹೇಳುವದುಂಟು. ೧೯೩೩ರಲ್ಲಿ ಮುಂಬಯಿಯಲ್ಲಿ ಪದವಿ ಪಡೆದು ಬೆಂಗಳೂರಿನ ಅದೇ ಸಂಸ್ಥೆಗೆ ಅರ್ಜಿ ಹಾಕಿದಾಗ, ಹೆಂಗಸೆಂಬ ಕಾರಣದಿಂದ ಅವರಿಗೆ ಮೊದಲು ಪ್ರವೇಶ ದೊರೆಯಲಿಲ್ಲ. ಅವರು ಬಿಡದೆ ನಿಂತು ಷರತ್ತುಗಳ ಮೇಲೆ ಒಳಗೆ ಹೋದರು. ಆ ಕಥೆಯು ಎಲ್ಲರಿಗೂ ಗೊತ್ತು. ನಾನು ಹೇಳಬೇಕೆಂದಿರುವದು ಅದಲ್ಲ, ಆಮೇಲಿನದು. ಅವರು ೧೯೩೭ರಲ್ಲಿ ಕೇಂಬ್ರಿಜ್‌ಗೆ ಹೋಗಿ ಡೆರೆಕ್ ರಿಕ್ಟರ್ ಎಂಬವರ ಬಳಿಯಲ್ಲಿ ಕೆಲಸ ಪ್ರಾರಂಭಿಸಿದ ಬಳಿಕ ಆ ಗುರುವು ಬೇರೆಡೆಗೆ ಹೊರಟುಹೋದರು. ಗುರುವಿಲ್ಲದ ಸಂಶೋಧನ ವಿದ್ಯಾರ್ಥಿನಿಯ ಪಾಡು ಅದನ್ನು ಅನುಭವಿಸಿದವರಿಗೇ ಗೊತ್ತು. ಕಮಲಾರವರು ರಾಬಿನ್ ಹಿಲ್ ಎಂಬವರ ಬಳಿಗೆ ಹೋಗಿ, ಗಿಡಗಳ ಅಂಗಾಂಶಗಳ ಮೇಲಿನ ಕೆಲಸವನ್ನು ಕೈಕೊಂಡರು. ಬಟಾಟೆಯನ್ನು ಪರೀಕ್ಷಿಸುತ್ತ, ಪ್ರಾಣಿಗಳ ಜೀವಕೋಶಗಳಲ್ಲಿ ಉಸಿರಾಟದ ಕೆಲಸಕ್ಕೆ ಬೇಕಾದ ಸೈಟೋಕ್ರೋಮ್ ಸಿ ಎಂಬ ವಸ್ತುವು ಸಸ್ಯಗಳಲ್ಲಿಯೂ ಇರುವದೆಂದು ತೋರಿಸಿದರು. ೧೯೩೯ರಲ್ಲಿ ಅವರಿಗೆ ಪಿಎಚ್.ಡಿ. ದೊರೆಯಿತು. ಇಲ್ಲಿ ದಾರಿ ಬದಲಾದದ್ದು ಅವರ ಇಚ್ಛೆಯಿಂದಲ್ಲ. ಆದರೂ ಬದಲಾದ ಮೇಲೆ ಅರೆಮನಸ್ಸಿನಿಂದ ನಡೆಯಲಿಲ್ಲ.

ಹೆತ್ತವರಿಗಾಗಿ ಇರಾವತಿ ಕರ್ವೆಯವರ ಸಂಗತಿಯನ್ನು ಹೇಳುತ್ತೇನೆ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ತತ್ತ್ವಶಾಸ್ತ್ರವನ್ನು ಓದಿ ೧೯೨೬ರಲ್ಲಿ ಬಿ.ಎ. ಆದವರು, ಮುಂಬಯಿಯಲ್ಲಿ ಸಮಾಜಶಾಸ್ತ್ರದಲ್ಲಿ ೧೯೨೮ರಲ್ಲಿ ಎಂ.ಎ. ಮಾಡಿ, ಅದೇ ವರುಷ ಮಾನವಶಾಸ್ತ್ರಕ್ಕಾಗಿ ಬರ್ಲಿನ್ ಪಟ್ಟಣಕ್ಕೆ ಹೊರಟರು. ಮೂರು ಮಜಲುಗಳಲ್ಲಿ ಮೂರು ವಿಷಯಗಳು! ಆಗ ಅವರು ವಿವಾಹಿತೆ. ಪತಿ ದಿನಕರ ಕರ್ವೆಯವರು ಒಪ್ಪಿದರು. ಮಾವನವರು ಒಪ್ಪಲಿಲ್ಲ. ಆ ಮಾವನವರು ಯಾರೆಂದರೆ, ವಿಧವೆಯರ ವಿದ್ಯಾಭ್ಯಾಸಕ್ಕಾಗಿ ಆಯುಷ್ಯವನ್ನೇ ಸವೆಸಿದ, ೧೯೧೬ರಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದ ಧೋಂಡೋ ಕೇಶವ ಕರ್ವೆಯವರು! ಊರ ಹೆಣ್ಣುಮಕ್ಕಳ ವಿಷಯದಲ್ಲಿ ಅಷ್ಟು ವಿಶಾಲವಾದ ಮನಸ್ಸು ತನ್ನ ಮನೆಯ ಸೊಸೆಯ ವಿಷಯದಲ್ಲಿ ಹಿಂಜರಿಯಿತು. ಇದನ್ನು ಅವರ ನಿಂದೆಗಾಗಿ ಬರೆಯುತ್ತಿಲ್ಲ. ಅಂಥಾ ಮಹನೀಯರಿಗೇ ಹೀಗಾದ ಮೇಲೆ, ಸಾಧಾರಣ ಮನೆಯ ತಂದೆಯು ಮಗಳ ಮಾತಿಗೆ ಬೆಚ್ಚಿದರೆ ಅವನನ್ನು ಕಠಿಣಹೃದಯನೆಂದು ಮಗಳು ತಿಳಿಯಬಾರದೆಂಬದಕ್ಕಾಗಿ ಬರೆಯುತ್ತಿದ್ದೇನೆ. ಸೊಸೆಯು ಬರ್ಲಿನ್ನಿನಿಂದ ಡಾಕ್ಟರೇಟ್ ಪದವಿಯನ್ನು ಪಡೆದು ಬಂದು, ಭಾರತದ ಬಂಧುತ್ವ ಪದ್ಧತಿಗಳ ಮೇಲೆ ೧೯೫೩ರಲ್ಲಿ ಪ್ರಕಟವಾದ ಗ್ರಂಥದಿಂದ ಎಲ್ಲೆಡೆ ಹೆಸರಾದರು.

ಗಂಡಸರ ಪೈಕಿ ಒಬ್ಬರನ್ನು ಮಾತ್ರ ಹೆಸರಿಸಿ ಮುಂದೆ ಹೋಗುವೆನು. ಬರೋಡಾದಲ್ಲಿ ಭೌತಶಾಸ್ತ್ರದ ಪದವಿ ಪಡೆದ ವೆಂಕಟರಾಮನ್ ರಾಮಕೃಷ್ಣನ್‌ರವರು ಅಮೇರಿಕದ ಓಹಾಯೋದಲ್ಲಿ ೧೯೭೬ರಲ್ಲಿ ಅದೇ ಶಾಸ್ತ್ರದಲ್ಲಿ ಪಿಎಚ್.ಡಿ. ಮುಗಿಸಿದ ಮೇಲೆ, ಕ್ಯಾಲಿಫೋರ್ನಿಯದ ಸಾನ್ ಡಿಯಾಗೋದಲ್ಲಿ ಜೀವಶಾಸ್ತ್ರವನ್ನು ಕಲಿಯುವದಕ್ಕೋಸ್ಕರ ಪುನಃ ಎರಡು ವರುಷ ವಿದ್ಯಾರ್ಥಿಯಾಗಿ ಕೂತರು. ೨೦೦೯ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಎಲ್ಲರಿಗೂ ಪಾರಿತೋಷಕ ಬರುವದಿಲ್ಲ. ಆದರೆ ಡಾಕ್ಟರೇಟ್ ಪಡೆದ ಮನುಷ್ಯನು ತನಗಿಂತ ಎಳೆಯರ ನಡುವೆ ಮೊದಲನೆಯ ಪಾಠಕ್ಕೆ ಕೂತನೆಂಬದನ್ನು, ಪದವಿಯಾದ ಮೇಲೆ ಒಂದು ವರುಷ ಹಿಂದೆ ಬಿದ್ದೆನೆಂದು ಅಳುವ ಹುಡುಗಿಗೆ ನಾನು ಹೇಳುವದುಂಟು.

ಇಷ್ಟು ಓದಿ, ಬದಲಿಸಿದವರೆಲ್ಲರೂ ಮೇಲೆ ಬಂದರೆಂದು ತಿಳಿಯಬೇಡಿರಿ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಒಬ್ಬಳು ಗಣಿತದ ಎಂ.ಎಸ್‌ಸಿ. ತರಗತಿಯನ್ನು ಮೂರು ವಾರಗಳಲ್ಲಿ ಬಿಟ್ಟು, ಗೆಳತಿಯು ಓದುತ್ತಿದ್ದ ವ್ಯವಹಾರ ನಿರ್ವಹಣೆಯ ತರಗತಿಗೆ ಸೇರಿಕೊಂಡಳು. ಅಲ್ಲಿ ಗೆಳತಿಯು ಬೇರೆ ವಿಭಾಗಕ್ಕೆ ಹೋಗಿಬಿಡಲು, ಇವಳಿಗೆ ಹಾಸ್ಟೆಲೂ ಬೇಡವಾಯಿತು, ಪಾಠವೂ ಬೇಡವಾಯಿತು. ಮತ್ತೊಬ್ಬಳು ಸಸ್ಯಶಾಸ್ತ್ರದ ಸೀಟನ್ನು ಬಿಟ್ಟು ಗ್ರಂಥಾಲಯ ವಿಜ್ಞಾನಕ್ಕೆ ಹೋಗುವೆನೆಂದಾಗ ಮನೆಯವರೆಲ್ಲರೂ ನಕ್ಕರು. ಆದರೆ ಅವಳು ಅದಕ್ಕೆ ಮೊದಲು ಬೇಸಗೆಯ ರಜೆಯಲ್ಲಿ ಎರಡು ತಿಂಗಳು ಊರಿನ ಗ್ರಂಥಾಲಯದಲ್ಲಿ ಕೂತು ಪುಸ್ತಕಗಳನ್ನು ವರ್ಗೀಕರಿಸುವ ಕೆಲಸವನ್ನು ಸಂಬಳವಿಲ್ಲದೆ ಮಾಡಿ ನೋಡಿದ್ದಳು. ಈಗ ಅವಳು ಒಂದು ಕಾಲೇಜಿನ ಗ್ರಂಥಪಾಲಕಿ. ಮೊದಲನೆಯವಳು ಮಂದಮತಿಯಲ್ಲ, ಎರಡನೆಯವಳಿಗಿಂತ ಹೆಚ್ಚು ಅಂಕಗಳನ್ನು ತೆಗೆದವಳೇ. ಒಬ್ಬಳು ತಾನು ಹೋಗತಕ್ಕ ಸ್ಥಳವನ್ನು ನೋಡಿ ಹೋದಳು, ಇನ್ನೊಬ್ಬಳು ನೋಡದೆ ಹೋದಳು.

ನೋಡುವದೆಂದರೆ ಹೇಗೆ? ವಿವರಪುಸ್ತಕದ ಚಿತ್ರಗಳನ್ನು ನೋಡುವದಲ್ಲ. ಆ ವಿಷಯದ ಪಠ್ಯಕ್ರಮವನ್ನು ತರಿಸಿ, ಮೊದಲನೆಯ ಸೆಮಿಸ್ಟರನ್ನು ಬಿಟ್ಟು ಮೂರನೆಯದನ್ನು ಓದಿರಿ. ಮೊದಲನೆಯದು ಎಲ್ಲೆಡೆಯೂ ಸುಲಭವಾಗಿ ಕಾಣುವದು. ಹಿಂದಿನ ಎರಡು ವರುಷಗಳ ಪ್ರಶ್ನಪತ್ರಿಕೆಗಳನ್ನು ಮುಂದಿಟ್ಟುಕೊಂಡು, ಉತ್ತರ ಬಾರದಿದ್ದರೂ ಚಿಂತೆಯಿಲ್ಲ, ಈ ಪ್ರಶ್ನೆಗಳಿಗೆ ಉತ್ತರ ತಿಳಿಯಬೇಕೆಂಬ ಆಸೆಯು ಹುಟ್ಟುವದೋ ಎಂದು ಪರೀಕ್ಷಿಸಿರಿ. ಆಸೆ ಹುಟ್ಟದಿದ್ದರೆ ಅದೇ ದೊಡ್ಡ ಉತ್ತರ. ಅಲ್ಲಿ ಎರಡನೆಯ ವರುಷದಲ್ಲಿ ಓದುತ್ತಿರುವ ಒಬ್ಬ ವಿದ್ಯಾರ್ಥಿನಿಯನ್ನು ಕಂಡು, ಬೆಳಿಗ್ಗೆಯಿಂದ ರಾತ್ರಿಯ ವರೆಗೆ ದಿನವು ಹೇಗೆ ಕಳೆಯುವದೆಂದು ಕೇಳಿರಿ. ಸಂಶೋಧನೆಗೆ ಹೋಗುವವರಾದರೆ, ಮಾರ್ಗದರ್ಶಕರು ಇನ್ನೆಷ್ಟು ವರುಷ ಸೇವೆಯಲ್ಲಿರುವರು, ಅವರ ಕೈಕೆಳಗೆ ಈಗ ಎಷ್ಟು ಮಂದಿ ಇದ್ದಾರೆ, ಅವರಲ್ಲಿ ಓದಿದವರು ಮುಗಿಸಲು ಎಷ್ಟು ಕಾಲ ತೆಗೆದುಕೊಂಡರು ಎಂಬವನ್ನು ಸಂಕೋಚಪಡದೆ ವಿಚಾರಿಸಿರಿ. ಪಿಎಚ್.ಡಿ.ಗೆ ಕಡಮೆಯೆಂದರೆ ಮೂರು ವರುಷ, ಸಾಧಾರಣ ಮೇರೆಯು ಆರು ವರುಷ ಎಂದು ೨೦೨೨ರ ನಿಯಮಗಳು ಹೇಳುವವು. ಮೂರಕ್ಕೂ ಆರಕ್ಕೂ ನಡುವೆ ಇರುವ ವ್ಯತ್ಯಾಸವು ಬಹಳ ಮಟ್ಟಿಗೆ ಮಾರ್ಗದರ್ಶಕರ ಆಯ್ಕೆಯಲ್ಲಿಯೇ ಇರುವದು. ಅರುವತ್ತು ಸಾವಿರ ರೂಪಾಯಿಯ ಚಿನ್ನವನ್ನು ಕೊಳ್ಳುವಾಗ ನಾಲ್ಕು ಅಂಗಡಿಗಳನ್ನು ಹತ್ತಿಳಿಯುವ ನಾವು, ಮಗಳ ಆರು ವರುಷಗಳನ್ನು ವಿಚಾರಿಸದೆ ಕೊಟ್ಟುಬಿಡುವದು ವಿಚಿತ್ರವೇ ಸರಿ.

ಇನ್ನು ನಿಯಮಗಳ ವಿಚಾರ. ಎಲ್ಲಾ ವಿಷಯಗಳೂ ಎಲ್ಲರಿಗೂ ತೆರೆದಿರುವದಿಲ್ಲ. ವ್ಯವಹಾರ ನಿರ್ವಹಣೆ, ಸಮಾಜಕಾರ್ಯ, ಗ್ರಂಥಾಲಯ ವಿಜ್ಞಾನ, ಪತ್ರಿಕೋದ್ಯಮ, ಮೂರು ವರುಷಗಳ ಕಾನೂನು ಮುಂತಾದವುಗಳಿಗೆ ಸಾಧಾರಣವಾಗಿ ಯಾವ ಪದವೀಧರರಾದರೂ ಅರ್ಜಿ ಹಾಕಬಹುದು. ಎಂ.ಸಿ.ಎ.ಗೆ ಹೋಗುವವರು ಗಣಿತವನ್ನು ಪಿ.ಯು.ಸಿ.ಯಲ್ಲಾಗಲಿ ಪದವಿಯಲ್ಲಾಗಲಿ ಓದಿರದಿದ್ದರೆ ಮೊದಲೇ ವಿಚಾರಿಸತಕ್ಕದ್ದು. ನಮ್ಮ ರಾಜ್ಯದಲ್ಲಿ ಎಂ.ಬಿ.ಎ., ಎಂ.ಸಿ.ಎ., ಎಂ.ಟೆಕ್.ಗಳಿಗೆ ಪರೀಕ್ಷಾ ಪ್ರಾಧಿಕಾರವು ನಡೆಸುವ ಪಿಜಿಸಿಇಟಿ ಇರುವದು. ೨೦೨೨ರಿಂದ ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಒಂದೇ ಸಾಮಾನ್ಯ ಪರೀಕ್ಷೆಯು ಬಂದಿದೆ, ಕಲಬುರಗಿಯ ಸಮೀಪದ ಕಡಗಂಚಿಯಲ್ಲಿರುವ ನಮ್ಮ ಕೇಂದ್ರೀಯ ವಿಶ್ವವಿದ್ಯಾಲಯವೂ ಅದರೊಳಗಿನದೇ. ಐ.ಐ.ಟಿ.ಗಳಲ್ಲಿ ಎಂ.ಎಸ್‌ಸಿ. ಓದಬಯಸುವವರು ಜ್ಯಾಮ್ ಎಂಬ ಪರೀಕ್ಷೆಯನ್ನು ಕೊಡುತ್ತಾರೆ, ಅದರಲ್ಲಿ ೨೦೨೧ರಿಂದ ಅರ್ಥಶಾಸ್ತ್ರವೂ ಸೇರಿದೆ. ಗೇಟ್ ಪರೀಕ್ಷೆಯ ಅಂಕಗಳು ಮೂರು ವರುಷ ಊರ್ಜಿತವಾಗಿರುವದರಿಂದ, ಒಂದು ವರುಷ ತಡೆದು ನೋಡುವವರಿಗೆ ಅದು ಅನುಕೂಲ. ಮೇಲೆ ಹೇಳಿದ ೨೦೨೪ರ ಚೌಕಟ್ಟಿನಲ್ಲಿ ಇನ್ನೊಂದು ಮುಖ್ಯ ಮಾತೂ ಉಂಟು: ಪದವಿಯಲ್ಲಿ ಯಾವ ವಿಷಯವನ್ನು ಓದಿದ್ದರೂ, ಬೇಕಾದ ವಿಷಯದ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಆ ವಿಷಯದ ಸ್ನಾತಕೋತ್ತರ ತರಗತಿಗೆ ಅರ್ಹರಾಗಬಹುದು. ಆದರೆ ಪ್ರತಿಯೊಂದು ವಿಶ್ವವಿದ್ಯಾಲಯವೂ ಇದನ್ನು ತನ್ನ ನಿಯಮಗಳಲ್ಲಿ ಸೇರಿಸಿಕೊಂಡಿದೆಯೋ ಎಂದು ಕೇಳಿಯೇ ಮುಂದುವರಿಯಬೇಕು.

ಅಧ್ಯಾಪಕಿಯರಾಗಬೇಕೆಂದಿರುವ ಹುಡುಗಿಯರಿಗೆ ಒಂದು ಎಚ್ಚರಿಕೆ, ಇದು ನನ್ನ ಸ್ವಂತ ವೃತ್ತಿಯ ಮಾತು. ಹೈಸ್ಕೂಲಿನ ಹುದ್ದೆಗೆ ಬಿ.ಎಡ್.ನೊಂದಿಗೆ ಪದವಿಯಲ್ಲಿ ಓದಿದ ವಿಷಯಗಳನ್ನು ನೋಡುತ್ತಾರೆ. ಸ್ನಾತಕೋತ್ತರದಲ್ಲಿ ವಿಷಯವನ್ನು ಬದಲಿಸಿದ ಮಾತ್ರಕ್ಕೆ ಹೈಸ್ಕೂಲಿನಲ್ಲಿ ಆ ಹೊಸ ವಿಷಯವನ್ನು ಕಲಿಸುವ ಅಧಿಕಾರವು ಬಾರದು. ಕಾಲೇಜಿನ ಅಧ್ಯಾಪಕತ್ವಕ್ಕಾದರೋ ಸ್ನಾತಕೋತ್ತರದ ವಿಷಯವೇ ಆಧಾರ, ನೆಟ್ ಅಥವಾ ಕೆ-ಸೆಟ್ ಪರೀಕ್ಷೆಯೂ ಅದರಲ್ಲಿಯೇ. ಹೀಗೆ ಒಂದೇ ಬದಲಾವಣೆಯು ಒಬ್ಬಳಿಗೆ ಬಾಗಿಲನ್ನು ತೆರೆಯುವದು, ಇನ್ನೊಬ್ಬಳಿಗೆ ಪ್ರಯೋಜನಕ್ಕೆ ಬಾರದು. ಯಾವ ಕೆಲಸವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೇವೆಂಬದನ್ನು ಮೊದಲು ಗೊತ್ತುಮಾಡಿಕೊಳ್ಳಿರಿ.

ಕಟ್ಟಿದ ಹಣವು ಹೋಗುವದೆಂಬ ಭಯದಿಂದಲೇ ಬೇಡವಾದ ತರಗತಿಯಲ್ಲಿ ಎರಡು ವರುಷ ಕೂತವರನ್ನು ಕಂಡಿದ್ದೇನೆ. ಆದಕಾರಣ ಈ ಸಂಗತಿಯನ್ನು ಬಿಡಿಸಿ ಹೇಳುವೆನು. ವಿಶ್ವವಿದ್ಯಾಲಯ ಧನಸಹಾಯ ಆಯೋಗವು ೨೦೧೮ರ ಅಕ್ಟೋಬರಿನಲ್ಲಿ ಹೊರಡಿಸಿದ ಪ್ರಕಟಣೆಯಂತೆ, ಪ್ರವೇಶದ ಕಡೆಯ ದಿನಕ್ಕೆ ಹದಿನೈದು ದಿನ ಅಥವಾ ಅದಕ್ಕಿಂತ ಮುಂಚೆ ಬಿಟ್ಟರೆ ಪೂರ್ತಿ ಫೀಸು ಮರಳುವದು, ಕಚೇರಿಯ ಖರ್ಚಿಗೆಂದು ನೂರಕ್ಕೆ ಐದರಷ್ಟನ್ನು, ಅದೂ ೫,೦೦೦ ರೂಪಾಯಿಗೆ ಮೀರದಂತೆ, ಹಿಡಿದುಕೊಳ್ಳಬಹುದು. ಕಡೆಯ ದಿನಕ್ಕೆ ಮುಂಚಿನ ಹದಿನೈದು ದಿನಗಳೊಳಗೆ ಬಿಟ್ಟರೆ ನೂರಕ್ಕೆ ತೊಂಬತ್ತು, ಕಡೆಯ ದಿನವಾದ ಮೇಲೆ ಹದಿನೈದು ದಿನಗಳೊಳಗೆ ನೂರಕ್ಕೆ ಎಂಬತ್ತು, ಮೂವತ್ತು ದಿನಗಳೊಳಗೆ ಐವತ್ತು, ಅದಾದ ಮೇಲೆ ಏನೂ ಇಲ್ಲ. ಉದಾಹರಣೆಗೆ, ಪ್ರವೇಶದ ಕಡೆಯ ದಿನವು ಆಗಸ್ಟ್ ೩೧, ಕಟ್ಟಿದ ಫೀಸು ೪೦,೦೦೦ ರೂಪಾಯಿ ಎಂದಿಟ್ಟುಕೊಳ್ಳಿರಿ. ಆಗಸ್ಟ್ ೧೦ಕ್ಕೆ ಬಿಟ್ಟವಳಿಗೆ ಕಡಮೆಯೆಂದರೆ ೩೮,೦೦೦, ಆಗಸ್ಟ್ ೨೫ಕ್ಕೆ ಬಿಟ್ಟವಳಿಗೆ ೩೬,೦೦೦, ಸೆಪ್ಟೆಂಬರ್ ೧೦ಕ್ಕೆ ೩೨,೦೦೦, ಸೆಪ್ಟೆಂಬರ್ ೨೫ಕ್ಕೆ ೨೦,೦೦೦ ರೂಪಾಯಿಗಳು ದೊರೆಯಬೇಕು. ಅಕ್ಟೋಬರಿನಲ್ಲಿ ಎದ್ದವಳಿಗೆ ಬರಿಗೈ. ಠೇವಣಿಯು ಬೇರೆ, ಅದು ಪೂರ್ತಿಯಾಗಿ ಮರಳತಕ್ಕದ್ದು. ಲಿಖಿತ ಅರ್ಜಿಯು ಮುಟ್ಟಿದ ಹದಿನೈದು ದಿನಗಳಲ್ಲಿ ಹಣ ಕೊಡಬೇಕೆಂದೂ ಹೇಳಿದೆ. ಕೆಲವು ವರುಷಗಳಲ್ಲಿ ಆಯೋಗವು ಇದಕ್ಕಿಂತಲೂ ಉದಾರವಾದ ದಿನಾಂಕಗಳನ್ನು ಗೊತ್ತುಪಡಿಸುವದುಂಟು, ೨೦೨೪ರಲ್ಲಿ ಸೆಪ್ಟೆಂಬರ್ ೩೦ರ ವರೆಗೆ ಬಿಟ್ಟವರಿಗೆ ಪೂರ್ತಿ ಹಣವನ್ನು ಕೊಡಬೇಕೆಂದು ಹೇಳಿತ್ತು. ಆದುದರಿಂದ ಆಯಾ ವರುಷದ ಸುತ್ತೋಲೆಯನ್ನು ನೋಡತಕ್ಕದ್ದು.

ಅದೇ ಪ್ರಕಟಣೆಯಲ್ಲಿ, ಯಾವ ಸಂಸ್ಥೆಯೂ ವಿದ್ಯಾರ್ಥಿಯ ಮೂಲ ಪ್ರಮಾಣಪತ್ರಗಳನ್ನು ಹಿಡಿದಿಟ್ಟುಕೊಳ್ಳಬಾರದೆಂದೂ, ನೋಡಿ ತಾಳೆಹಾಕಿ ಆಗಲೇ ಹಿಂದಕ್ಕೆ ಕೊಡಬೇಕೆಂದೂ ಇರುವದು. ಇದನ್ನು ತಿಳಿಯದೆ, “ಪತ್ರಗಳು ಅವರ ಕೈಯಲ್ಲಿವೆ, ಇನ್ನೇನು ಮಾಡಲಿ” ಎಂದು ಕುಳಿತ ಹುಡುಗಿಯರು ಅನೇಕರು. ಕಚೇರಿಯವರು ತಕರಾರು ಮಾಡಿದರೆ ಬಾಯಿಮಾತಿಗೆ ಹೋಗದೆ, ಪ್ರಕಟಣೆಯ ಪ್ರತಿಯನ್ನು ಲಗತ್ತಿಸಿ ಅರ್ಜಿ ಕೊಟ್ಟು, ಅದರ ಸ್ವೀಕೃತಿಯನ್ನು ಬರೆಯಿಸಿಕೊಳ್ಳಿರಿ. ಬಾಯಿಮಾತಿಗೆ ಸಾಕ್ಷಿಯಿಲ್ಲ.

ಹೊರದೇಶಕ್ಕೆ ಹೋಗುವವರ ಸಂಖ್ಯೆಯೂ ಈಗ ನಮ್ಮಲ್ಲಿ ಕಡಮೆಯಲ್ಲ. ಅಮೇರಿಕದ ಅನೇಕ ವಿಶ್ವವಿದ್ಯಾಲಯಗಳು ತಮ್ಮೊಳಗೆ ಒಂದು ಒಪ್ಪಂದವನ್ನು ಮಾಡಿಕೊಂಡಿವೆ. ಧನಸಹಾಯದೊಡನೆ ಸ್ಥಳವನ್ನು ಕೊಡುವೆವೆಂದು ತಿಳಿಸಿದಾಗ, ವಿದ್ಯಾರ್ಥಿಯು ಏಪ್ರಿಲ್ ೧೫ಕ್ಕಿಂತ ಮುಂಚೆ ಉತ್ತರ ಕೊಡುವ ಹಂಗಿಲ್ಲವೆಂಬದೇ ಅದು. ನಾಲ್ಕು ಕಡೆಗಳ ಪತ್ರಗಳು ಬರುವ ವರೆಗೆ ಕಾದು ನೋಡುವದಕ್ಕೆ ಇದರಿಂದ ಅವಕಾಶವಾಗುವದು. ಇದನ್ನು ತಿಳಿಯದ ಹುಡುಗಿಯು ಫೆಬ್ರವರಿಯಲ್ಲಿ ಬಂದ ಮೊದಲನೆಯ ಪತ್ರಕ್ಕೇ ಹೆದರಿ ಒಪ್ಪಿಬಿಡುವಳು. ಧನಸಹಾಯವಿಲ್ಲದ ಸ್ಥಳಗಳಿಗೆ ಈ ಒಪ್ಪಂದವು ಅನ್ವಯಿಸುವದಿಲ್ಲ. ಸಾಲಮಾಡಿ ಕಟ್ಟುವ ಮುಂಗಡವು ಮರಳುವದೋ ಇಲ್ಲವೋ ಎಂಬದನ್ನು ಅಲ್ಲಿಯ ಪತ್ರದಲ್ಲಿಯೇ ಹುಡುಕಬೇಕು.

ಹೆತ್ತವರಲ್ಲಿ ಒಂದು ಮಾತು. ಮಗಳು ಬದಲಿಸುವೆನೆಂದಾಗ ಮನೆಯಲ್ಲಿ ಮೊದಲು ಬರುವ ಮಾತು ಹಣದ್ದಾದರೂ, ಮನಸ್ಸಿನಲ್ಲಿ ಇರುವದು ಮದುವೆಯ ವಿಚಾರ. “ಇನ್ನೊಂದು ವರುಷ ಹೆಚ್ಚಾಯಿತು, ಗಂಡಿನ ಕಡೆಯವರು ಏನೆಂದಾರು?” ಎಂಬದನ್ನು ತಾಯಂದಿರು ನನ್ನಲ್ಲಿ ತಗ್ಗಿದ ದನಿಯಿಂದ ಹೇಳುವರು. ನೀವು ಅದನ್ನು ಮಗಳಿಗೂ ಬಾಯಿಬಿಟ್ಟು ಹೇಳಿರಿ. ಫೀಸಿನ ನೆವದಲ್ಲಿ ಮದುವೆಯ ಜಗಳವನ್ನು ಆಡಿದರೆ ಎರಡೂ ತೀರುವದಿಲ್ಲ. ಅವಳು ಕೊಡುವ ಉತ್ತರವು ನಿಮಗೆ ಹಿಡಿಸದೆ ಹೋಗಬಹುದು, ಆದರೆ ನಿಮ್ಮ ಭಯವೇನೆಂದು ಅವಳಿಗೆ ತಿಳಿದಿರುವದು. ಹಾಗೆಯೇ ಮನೆಯ ವರಮಾನದ ನಿಜಸ್ಥಿತಿಯನ್ನೂ ಅವಳಿಂದ ಮರೆಮಾಡಬೇಡಿರಿ. ತಮ್ಮನ ಓದಿಗೆ ಎಷ್ಟು, ಸಾಲದ ಕಂತಿಗೆ ಎಷ್ಟು ಎಂಬದನ್ನು ಕಂಡ ಹುಡುಗಿಯರು, ದೂರದ ಖಾಸಗಿ ವಿಶ್ವವಿದ್ಯಾಲಯವನ್ನು ತಾವಾಗಿಯೇ ಬಿಟ್ಟು, ಹತ್ತಿರದ ಸರಕಾರಿ ವಿಭಾಗದಲ್ಲಿ ಅದೇ ವಿಷಯವನ್ನು ಹುಡುಕಿಕೊಂಡದ್ದನ್ನು ನಾನು ಕಂಡಿದ್ದೇನೆ. ಹೇಳಿ ಒಪ್ಪಿಸಿದ್ದಲ್ಲ, ಲೆಕ್ಕವನ್ನು ನೋಡಿ ತಾವೇ ಒಪ್ಪಿದ್ದು.

ಬಿಡುವದೆಂದು ನಿಶ್ಚಯವಾದ ಮೇಲೆ ತಡಮಾಡಬಾರದು. ನೀವು ಬಿಟ್ಟ ಸೀಟಿಗಾಗಿ ಕಾಯುವ ಪಟ್ಟಿಯಲ್ಲಿ ಮತ್ತೊಬ್ಬ ತಂದೆಯ ಮಗಳು ದಿನವೂ ಕಂಪ್ಯೂಟರಿನ ಮುಂದೆ ಕೂತಿರುವಳು. ಹೇಳದೆ ಕೇಳದೆ ತರಗತಿಗೆ ಹೋಗುವದನ್ನು ನಿಲ್ಲಿಸಿಬಿಟ್ಟರೆ ನಿಮ್ಮ ಹಣವೂ ಹೋಗುವದು, ಅವಳ ವರುಷವೂ ಹೋಗುವದು. ವಿಭಾಗದ ಮುಖ್ಯಸ್ಥರಿಗೆ ನಾಲ್ಕು ಸಾಲು ಬರೆದರೆ ಸಾಕು: ಇಂಥಾ ದಿನದಿಂದ ಪ್ರವೇಶವನ್ನು ಬಿಡುತ್ತಿದ್ದೇನೆ, ಇಂಥಾ ವಿಷಯಕ್ಕೆ ಸೇರುವೆನು, ಫೀಸಿನ ಬಾಬತ್ತನ್ನು ನಿಯಮದಂತೆ ಮರಳಿಸಬೇಕು, ತಮ್ಮಲ್ಲಿ ಸ್ಥಳ ಕೊಟ್ಟದ್ದಕ್ಕೆ ಕೃತಜ್ಞಳು. ಕಾರಣಗಳನ್ನು ಪುಟಗಟ್ಟಲೆ ವಿವರಿಸುವ ಅಗತ್ಯವಿಲ್ಲ, ಸುಳ್ಳು ಕಾರಣವನ್ನು ಹೇಳುವ ಅಗತ್ಯವಂತೂ ಇಲ್ಲವೇ ಇಲ್ಲ. ಅದೇ ಅಧ್ಯಾಪಕರ ಶಿಫಾರಸ್ಸು ಪತ್ರವು ಮುಂದೆ ನಿಮಗೆ ಬೇಕಾಗಬಹುದು.

ಈ ವಿಷಯದಲ್ಲಿ ನನ್ನೊಡನೆ ಮಾತಾಡಬೇಕೆಂದಿರುವ ಹಳೆಯ ವಿದ್ಯಾರ್ಥಿನಿಯರು ಶಾಲೆಯ ದಿನಗಳಲ್ಲಿ ಸಂಜೆ ನಾಲ್ಕೂವರೆಯ ಅನಂತರ ಬರಬಹುದು. ಬರುವಾಗ ಪದವಿಯ ಎಲ್ಲಾ ಸೆಮಿಸ್ಟರುಗಳ ಅಂಕಪಟ್ಟಿಗಳ ಪ್ರತಿಗಳನ್ನೂ, ಸೇರಿರುವ ತರಗತಿಯ ಮತ್ತು ಸೇರಬೇಕೆಂದಿರುವ ತರಗತಿಯ ಪಠ್ಯಕ್ರಮಗಳನ್ನೂ, ಫೀಸು ಕಟ್ಟಿದ ರಸೀದಿಯನ್ನೂ ತರತಕ್ಕದ್ದು. ಸಾಧ್ಯವಾದರೆ ತಂದೆಯವರನ್ನಾಗಲಿ ತಾಯಿಯವರನ್ನಾಗಲಿ ಸಂಗಡ ಕರೆತನ್ನಿರಿ, ಎರಡು ದಿನ ಬಿಟ್ಟು ಅವರು ಬೇರೆಯಾಗಿ ಬರುವ ಶ್ರಮವು ತಪ್ಪುವದು.